ಮೇ ತಿಂಗಳಲ್ಲಿ ಯಾರ ಕೈ ಬೆವರುತ್ತದೆ?

ಎತ್ತರಗಟ್ಟೆ, ಟೊಳ್ಳುನೆಲದ ಈಚೆ ದಂಡೆ
ಮೇ ಮೂವತ್ನಾಲ್ಕು, ಮರುಎಣಿಕೆಯ ಇನ್ನೂರ ಹನ್ನೊಂದನೆಯ ವರ್ಷ

ಹೊಸಪೇಟೆಯ ವೈ. ಯರ್ರಿಸ್ವಾಮಿಯವರಿಗೆ, ಗಾಡಿ ಬಿಗಿಯುವ ಜಂಬಕ್ಕ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಹಿರಿಯರು ಒಮ್ಮೆ ದಿನಗಳ ಲೆಕ್ಕ ತಪ್ಪಿ, ಹೊಳೆ ತುಂಬಿದ ದಿನದಿಂದ ಮತ್ತೆ ಎಣಿಸತೊಡಗಿದರು. ಮರುಎಣಿಕೆ ಎನ್ನುವುದು ಅದಕ್ಕೇ. ವರ್ಷಕ್ಕೆ ಹತ್ತು ತಿಂಗಳು, ತಿಂಗಳಿಗೆ ಮೂವತ್ತಾರು ದಿನ, ಮಿಕ್ಕ ಐದು ದಿನ ಯಾರೂ ಕೆಲಸ ಮುಟ್ಟುವುದಿಲ್ಲ. ಹೆಸರುಗಳು ಮಾತ್ರ ನಿಮ್ಮವೇ, ಜನವರಿಯಿಂದ ಅಕ್ಟೋಬರ್‌ವರೆಗೆ. ನನ್ನ ಮಾತು ನಿಮ್ಮ ಕಿವಿಗೆ ಒರಟಾಗಿ ಕೇಳಿದರೆ ಕ್ಷಮಿಸಬೇಕು. ಬರೆಯುವ ಕನ್ನಡವನ್ನು ನಾನು ಕಲಿತದ್ದು ನಿಮ್ಮ ನೋಟ್‌ಬುಕ್ಕಿನಿಂದ. ಅದರಲ್ಲಿ ಗಾಡಿಯ ವಿಷಯ ಬಿಟ್ಟರೆ ಹೆಚ್ಚೇನೂ ಇಲ್ಲ. ನಿಮ್ಮನ್ನು ಅಜ್ಜ ಎನ್ನಲೋ ತಮ್ಮ ಎನ್ನಲೋ ತಿಳಿಯದು. ಹುಟ್ಟಿದ ಲೆಕ್ಕದಲ್ಲಿ ನೀವು ನನ್ನ ಅಜ್ಜನ ಅಜ್ಜನಿಗೂ ಹಿರಿಯರು. ಆದರೆ ಮೊದಲ ಹಾಳೆಯಲ್ಲಿ ನಿಮ್ಮ ವಯಸ್ಸು ಇಪ್ಪತ್ತಾರು ಎಂದಿದೆ, ನನಗೀಗ ಐವತ್ಮೂರು.

ಈ ಓಲೆಯನ್ನು ನಿಮ್ಮ ನೋಟ್‌ಬುಕ್ಕಿನ ಕೊನೆಯ ಖಾಲಿ ಹಾಳೆಗಳಲ್ಲೇ ಬರೆಯುತ್ತಿದ್ದೇನೆ. ಇದು ನಿಮ್ಮನ್ನು ಹೇಗೆ ತಲುಪುತ್ತದೆ ಎಂಬುದು ನನಗೆ ಗೊತ್ತಿಲ್ಲ. ಹಾಳೆ ನಿಮ್ಮದು, ಒಂದಾನೊಂದು ದಿನ ನಿಮ್ಮ ಕೈಯಲ್ಲಿದ್ದದ್ದು, ಅಷ್ಟೇ ನನ್ನ ಧೈರ್ಯ. ನಮ್ಮಲ್ಲಿ ಈ ಪುಸ್ತಕವನ್ನು ಕೈತೊಳೆಯದೆ ಮುಟ್ಟುವಂತಿಲ್ಲ, ಇನ್ನು ಅದರಲ್ಲಿ ಗೀಚುವುದೆಂದರೆ ಕೇಳಬೇಕೆ! ಆದರೆ ಇವತ್ತು ಸುಮ್ಮನೆ ಕೂರಲು ನನ್ನಿಂದಾಗದು. ನಾಲ್ಕು ಸಾಲು ಬರೆಯುತ್ತೇನೆ, ಎದ್ದು ದುರ್ಬೀನು ಹಿಡಿಯುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಗಾಡಿ ನನ್ನ ಕೈದಾಟಿ ಹತ್ತು ನಿಮಿಷವಾಯಿತು.

ಟೊಳ್ಳುನೆಲವೆಂದರೆ ಹಳೆಯ ಗಣಿಗಳ ಮೇಲೆ ಉಳಿದಿರುವ ಕೆಂಪು ಬಯಲು. ಒಳಗೆಲ್ಲ ಬಗೆದು ಖಾಲಿ, ಮೇಲೆ ಹಪ್ಪಳದಷ್ಟು ಮಣ್ಣು. ನಾಯಿ ಕಾಲಿಟ್ಟರೂ ಕುಸಿಯುತ್ತದೆ. ನಮ್ಮೂರಿಗೂ ಆಚೆ ದಂಡೆಗೂ ನಡುವೆ ಎರಡು ಮೈಲಿ, ಸುತ್ತಿಕೊಂಡು ಹೋದರೆ ಹನ್ನೊಂದು ದಿನದ ಹಾದಿ. ಹಾರಿಸಿ ಕಳಿಸಬಾರದೇ ಎಂದು ಕೇಳಬೇಡಿ, ಹಾರುವ ಯಂತ್ರದ ಕೊನೆಯ ಮೋಟಾರು ನಾನು ಹುಟ್ಟುವ ಮೊದಲೇ ಸುಟ್ಟುಹೋಯಿತು. ಈ ನೆಲ ತಾಳುವುದು ನಿಮ್ಮ ಗಾಡಿಯೊಂದನ್ನೇ. ಕಬ್ಬಿಣದ ಪೆಟ್ಟಿಗೆಯೊಂದರಲ್ಲಿ ಈ ಪುಸ್ತಕದ ಜೊತೆ ಸಿಕ್ಕ ನಿಮ್ಮ ರಿಮೋಟ್ ಟ್ರಕ್ಕು, ಮೊಣಕೈಯಷ್ಟು ಉದ್ದ, ನಾಲ್ಕು ಕಿಲೋ ತೂಕ. ನೀವು ಅದನ್ನು ಮಣ್ಣಿನ ಟ್ರ್ಯಾಕಿನಲ್ಲಿ ರೇಸಿಗೆ ಓಡಿಸಿದಿರಿ. ನಾವು ಅದನ್ನೇ ನೋಡಿ ಒಂದೊಂದು ಭಾಗವನ್ನೂ ಕಡೆದು, ಎರಕ ಹೊಯ್ದು, ಹೊಸ ಗಾಡಿಗಳನ್ನು ಕಟ್ಟುತ್ತೇವೆ. ಪ್ರತಿ ಮೇ ತಿಂಗಳು ರೇಸು ಹಚ್ಚುತ್ತೇವೆ, ಏಕೆಂದರೆ ನಿಮ್ಮ ಪುಸ್ತಕದ ತಾರೀಖುಗಳೆಲ್ಲ ಮೇ ತಿಂಗಳಿನವು. ಗೆದ್ದ ಮೂರು ಗಾಡಿಗಳು ವರ್ಷವಿಡೀ ಆಚೆ ದಂಡೆಗೆ ಓಲೆ, ಬೀಜ, ಔಷಧ ಹೊರುತ್ತವೆ. ನಡುವೆ ಒಂದು ದಿಬ್ಬವಿದೆ. ಅಲ್ಲಿಯವರೆಗೆ ನಮ್ಮ ರಿಮೋಟು, ಅಲ್ಲಿಂದಾಚೆ ಆ ದಂಡೆಯವರದು. ಹೀಗೆ ಗಾಡಿಯನ್ನು ಒಪ್ಪಿಸುವುದಕ್ಕೆ ಕೈದಾಟು ಎನ್ನುತ್ತೇವೆ. ಮಾತು ಸಾಗಿಸುವ ರೇಡಿಯೋ ನಮ್ಮಲ್ಲಿಲ್ಲ. ದಿಬ್ಬದಾಚೆ ಏನಾಯಿತೆಂಬುದು ಗಾಡಿ ತಿರುಗಿ ಬಂದ ಮೇಲೇ ತಿಳಿಯಬೇಕು.

ಆಚೆ ದಂಡೆಯ ರಿಮೋಟು ಹಿಡಿಯುವವಳು ನನ್ನ ಮಗಳು ಸುಂಕವ್ವ. ಮೂರು ವರ್ಷದ ಹಿಂದೆ ಹನ್ನೊಂದು ದಿನ ನಡೆದು ಗಂಡನ ಮನೆಗೆ ಹೋದಳು. ಆಮೇಲೆ ನಾನು ಅವಳ ಮುಖ ನೋಡಿಲ್ಲ. ಆದರೆ ದಿಬ್ಬದ ಮೇಲೆ ಗಾಡಿಯನ್ನು ನನಗೊಪ್ಪಿಸುವಾಗ ಮುಂದಿನ ಚಕ್ರಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ, ಮತ್ತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತಾಳೆ. ಚಿಕ್ಕಂದಿನ ಚಟ. ಬ್ಯಾಟರಿ ಹಾಳಾಗುತ್ತದೆ ಎಂದು ನಾನು ಎಷ್ಟು ಬೈದರೂ ಬಿಡಲಿಲ್ಲ. ಹೋದ ವಾರ ಗಾಡಿ ಚಕ್ರವಾಡಿಸದೆ ಸುಮ್ಮನೆ ನಿಂತಿತು. ನಾನೇ ಅದನ್ನು ಈಚೆಗೆ ಓಡಿಸಿಕೊಂಡು ಬಂದೆ. ಗಾಡಿಯ ಬೆನ್ನಿಗೆ ಕಟ್ಟಿದ ಡಬ್ಬಿಯಲ್ಲಿ ಅಳಿಯ ದುರುಗಪ್ಪನ ಚೀಟಿ ಇತ್ತು: “ಅತ್ತಿ, ಹೆಣ್ಣು ಕೂಸು ಹುಟ್ಟೈತಿ. ಸುಂಕಿಗೆ ಬಾಣಂತಿ ಜ್ವರ ಬಂದೈತಿ, ಇಳಿವಲ್ದು. ಲಗೂನ ಔಷಧ ಕಳಸ್ರಿ.”

ಆ ಔಷಧ ಒಂದು ತಾಸಿನಲ್ಲೇ ಜ್ವರ ಬಿಡಿಸುತ್ತದೆ, ಆದರೆ ಅದಕ್ಕೆ ಗಾಜಿನ ಸೀಸೆಯೇ ಆಗಬೇಕು. ನಮ್ಮಲ್ಲಿದ್ದದ್ದು ಮೂರು ಸೀಸೆ, ಮೂರು ಗಾಡಿ. ಮೊದಲನೆಯದು ಮುಟ್ಟಿತು. ತಿರುಗಿ ಬಂದ ಚೀಟಿಯಲ್ಲಿ ಒಂದೇ ಸಾಲು: “ಸೀಸೆ ಪುಡಿ ಆಗೈತಿ ಅತ್ತಿ, ಅಕಿ ಮಾತೂ ಆಡವಲ್ಲಳು.” ಚಕ್ರ ಹಿಡಿಯುವ ಹಿಂದಿನ ತೋಳೂ ಮುರಿದು, ಆ ಗಾಡಿ ತೆವಳಿಕೊಂಡೇ ಬಂದಿತ್ತು. ಎರಡನೆಯದು ನನ್ನ ಕಣ್ಣೆದುರೇ, ಗಾಳಿಗೆ ಅಲೆಯಲೆಯಾಗಿ ಗಟ್ಟಿಯಾದ ಅಲೆಮಣ್ಣಿನಲ್ಲಿ ಕುಪ್ಪಳಿಸಿ ಕುಪ್ಪಳಿಸಿ ಮಗುಚಿತು. ಈಗಲೂ ದುರ್ಬೀನಿನಲ್ಲಿ ಕಾಣುತ್ತದೆ, ನಾಲ್ಕು ಚಕ್ರ ಮೇಲೆ ಮಾಡಿ ಬಿದ್ದಿದೆ.

ಎರಡನ್ನೂ ಬಿಗಿದವಳು ನಾನೇ, ನಿಮ್ಮ ಪುಸ್ತಕದ ಪ್ರಕಾರ. ಇಲ್ಲಿ ಗಾಡಿ ಬಿಗಿಯುವಾಗ ಪುಸ್ತಕ ಓದುವವರೊಬ್ಬರು ಪಕ್ಕದಲ್ಲಿ ಇರಲೇಬೇಕು. ಈಗಿನ ಓದುಗ ಮಾರೆಪ್ಪ ಮಾವ. ಅವರು ಒಂದು ಸಾಲು ಓದುತ್ತಾರೆ, ನಾವು ಒಂದು ಸ್ಕ್ರೂ ತಿರುಗಿಸುತ್ತೇವೆ. ಮೋಟಾರಿನ ಹಲ್ಲಿಗೂ ದೊಡ್ಡ ಗೇರಿನ ಹಲ್ಲಿಗೂ ನಡುವೆ ಕಾಗದದ ಚೀಟಿ ಇಟ್ಟು ಕೂಡಿಸುವುದು, ಆಮೇಲೆ ಚೀಟಿ ಎಳೆಯುವುದು. ಟೈರನ್ನು ರಿಮ್ಮಿಗೆ ಅಂಟಿಸಿ ರಾತ್ರಿಯಿಡೀ ಬಿಡುವುದು. ನೆಲದ ಹೊಡೆತ ನುಂಗುವ ಷಾಕ್‌ಗಳಿಗೆ ಎಣ್ಣೆ, ಅದರ ದಪ್ಪದ ಲೆಕ್ಕ ಮುಂದೆ ನಲವತ್ತು, ಹಿಂದೆ ಮೂವತ್ತೈದು, ಸ್ಪ್ರಿಂಗ್ ಗಟ್ಟಿಯದು. ಆ ಸಾಲಿನ ಕೊನೆಗೆ ನೀವು “ಎರಡು ಮಿರ್ಚಿ” ಎಂದು ಬರೆದಿದ್ದೀರಿ. ಹಾಗಾಗಿ ಇನ್ನೂರು ವರ್ಷದಿಂದ ಎಣ್ಣೆ ತುಂಬಿದ ಮೇಲೆ ನಾವು ತಲಾ ಎರಡು ಮಿರ್ಚಿ ಬಜ್ಜಿ ತಿನ್ನುತ್ತೇವೆ. ತಿನ್ನದೆ ಮುಚ್ಚಳ ಬಿಗಿದರೆ ಗಾಡಿ ಕೆಡುತ್ತದೆಂದು ನಂಬಿಕೆ. ಕೊನೆಗೆ ಗಾಡಿಯನ್ನು ಮೊಣಕಾಲೆತ್ತರದಿಂದ ಬಿಡುತ್ತೇವೆ. ಬಿದ್ದದ್ದು ಪುಟಿಯದೆ, ಬಡಿಯದೆ, ಮೆತ್ತಗೆ ಕೂರಬೇಕು. ಎರಡೂ ಗಾಡಿ ಹಾಗೆಯೇ ಕೂತಿದ್ದವು, ಮಾರೆಪ್ಪ ಮಾವನ ಒಲೆಯ ಪಕ್ಕದಲ್ಲಿ.

ಚಳಿ ತಿಂಗಳುಗಳಲ್ಲಿ ಗಾಡಿಗಳು ಮೊದಲಿಂದಲೂ ಮಗುಚುತ್ತವೆ. ಆಗ ನೆಲ ಮುನಿದಿದೆ ಎಂದು ಎಲ್ಲರೂ ಕೈಮುಗಿಯುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಾನೂ ಹಾಗೆಯೇ ಅಂದುಕೊಂಡು ಬಂದವಳು. ಇವತ್ತು ಬೆಳಗಿನ ಜಾವ ಎದ್ದು, ತಪ್ಪು ನನ್ನ ಬಿಗಿತದಲ್ಲೇ ಇದೆಯೇನೋ ಎಂದು ಪುಸ್ತಕ ತೆರೆದೆ. ಹೊರಗೆ ತೊಟ್ಟಿಯ ನೀರು ಹೆಪ್ಪುಗಟ್ಟಿತ್ತು. ನಿಮ್ಮ ಕಾಲದಲ್ಲಿ ಈ ಸೀಮೆಗೆ ಇಂಥ ಚಳಿ ಇರಲಿಲ್ಲವಂತೆ. ಕಂಬಳಿ ಹೊದ್ದು, ಸೆಟೆದ ಬೆರಳಿನಲ್ಲಿ ಹಾಳೆ ತಿರುವುತ್ತಾ ಇದ್ದೆ. ಷಾಕ್‌ನ ಪುಟದ ಮೂಲೆಯಲ್ಲಿ ಸಣ್ಣಗೆ ಬರೆದ ಸಾಲು: “ಕೈ ಬೆವರಿ ಸ್ಕ್ರೂಡ್ರೈವರ್ ಜಾರ್ತೈತಿ.” ಸಾವಿರ ಸಲ ಕೇಳಿದ ಸಾಲು. ಅದನ್ನು ಓದುವಾಗ ನಾವು ಅಂಗೈ ಒರೆಸಿಕೊಳ್ಳುತ್ತೇವೆ, ಅದೂ ಒಂದು ಪದ್ಧತಿ. ಇವತ್ತು ಮಾತ್ರ ಯೋಚನೆ ಬಂತು. ಮೇ ತಿಂಗಳಲ್ಲಿ ಯಾರ ಕೈ ಬೆವರುತ್ತದೆ?

ನಿಮ್ಮ ಕೈ. ನಿಮ್ಮ ಮೇ ತಿಂಗಳು ಬೇಸಿಗೆ! ಹೊಳೆ ತುಂಬಿದ ದಿನದಿಂದ ಎಣಿಸಿದ ನಮ್ಮ ಮೇ ನಡುಚಳಿಗಾಲ.

ಯರ್ರಿಸ್ವಾಮಿಯವರೇ, ನಾನು ಎದ್ದು ನಿಂತೇ ಬೈದೆ. ನಿಮ್ಮನ್ನೂ ಬೈದೆ, ನನ್ನನ್ನೂ ಬೈದುಕೊಂಡೆ. ಉರಿಬಿಸಿಲಿಗೆ ಎಣ್ಣೆ ನೀರಾಗುತ್ತದೆಂದು ನೀವು ದಪ್ಪ ಎಣ್ಣೆ ಹಾಕಿದ್ದಿರಿ. ನಾವು ಅದೇ ದಪ್ಪಕ್ಕೆ ಹರಳೆಣ್ಣೆ ಕಾಸಿ, ಹೆಪ್ಪುಗಟ್ಟುವ ಚಳಿಯಲ್ಲಿ ತುಂಬುತ್ತಿದ್ದೇವೆ. ಒಲೆಯ ಪಕ್ಕ ಮೆತ್ತಗೆ ಕೂತ ಗಾಡಿ ಬಯಲಿಗೆ ಹೋದ ಮೇಲೆ ಇಟ್ಟಿಗೆಯಾಗುತ್ತದೆ. ಅಯ್ಯೋ, ಎಷ್ಟು ಸೀಸೆ, ಎಷ್ಟು ಓಲೆ, ಯಾರ ಯಾರ ಮಕ್ಕಳು!

ಮೂರನೆಯ ಗಾಡಿಯ ಹರಳೆಣ್ಣೆ ಚೆಲ್ಲಿ ತೆಳ್ಳನೆಯ ಕುಸುಬೆ ಎಣ್ಣೆ ತುಂಬಿದೆ. ಗಟ್ಟಿ ಸ್ಪ್ರಿಂಗ್ ಕಿತ್ತು ಮೆತ್ತನೆಯವನ್ನು ಹಾಕಿದೆ. ಮೊಣಕಾಲೆತ್ತರದಿಂದ ಬಿಟ್ಟದ್ದು ಅಂಗಳದಲ್ಲಿ, ಚಳಿಯಲ್ಲೇ. ಮಾರೆಪ್ಪ ಮಾವ ಬಾಗಿಲಲ್ಲಿ ನಿಂತು ಕೂಗಿದರು: “ಏ ಜಂಬಿ, ಹುಚ್ಚು ಹಿಡದೈತೇನು ನಿನಗ? ಪುಸ್ತಕ ಮೀರಿದೋರ ಕೈಗೆ ಮತ್ತ ಸ್ಪಾನರ್ ಕೊಡಂಗಿಲ್ಲ, ನೆಪ್ಪಿಟ್ಕೋ!” ಕೊಡದಿದ್ದರೆ ಬೇಡ ಎಂದೆ. ಮಿರ್ಚಿ ಮಾತ್ರ ತಿಂದೆ, ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಸೀಸೆ ಹೊತ್ತು ಹೊರಟ ಗಾಡಿಯ ಬೆನ್ನು ಅಲೆಮಣ್ಣಿನ ಮೇಲೂ ಅಲುಗಲಿಲ್ಲ, ಚಕ್ರಗಳಷ್ಟೇ ಏರಿಳಿದವು. ಮಗುಚಿದ ಗಾಡಿಯನ್ನು ಸುತ್ತುಹಾಕಿ ದಿಬ್ಬ ಹತ್ತಿತು. ಅಲ್ಲಿ ಕೈದಾಟಿಸಿದೆ. ಆಚೆ ಇಳಿಜಾರಿನಲ್ಲಿ ಕಲ್ಲು ಜಾಸ್ತಿ. ದುರುಗಪ್ಪನ ಕೈ ಒರಟು, ರಿಮೋಟಿನ ಗುಂಡಿಯನ್ನು ರೊಟ್ಟಿ ಬಡಿದಂತೆ ಒತ್ತುತ್ತಾನೆ. ಇದು ಕೊನೆಯ ಗಾಡಿ, ಕೊನೆಯ ಸೀಸೆ.

ಒಂದು ತಾಸಾಯಿತು. ಏನೂ ಕಾಣುತ್ತಿಲ್ಲ.

ನನ್ನ ಕೋರಿಕೆ ಬರೆದುಬಿಡುತ್ತೇನೆ, ಆಮೇಲೆ ಬುದ್ಧಿ ಸ್ಥಿಮಿತದಲ್ಲಿ ಇರುತ್ತದೋ ಇಲ್ಲವೋ. ತಮ್ಮಾ, ನೀನು ಆ ನೋಟ್‌ಬುಕ್ಕನ್ನು ಇನ್ನೂ ಬರೆಯುತ್ತಿದ್ದರೆ, ಎಣ್ಣೆ ನಲವತ್ತು ಎಂದು ಬರೆದ ಜಾಗದಲ್ಲಿ ಬಿಸಿಲು ಜಾಸ್ತಿ ಅದಕ್ಕೆ ಎಂದು ಎರಡು ಮಾತು ಸೇರಿಸು. ನಿನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತೇ ಇರುತ್ತದೆ ಎಂದು ಬಿಟ್ಟುಬಿಡಬೇಡ. ನಾವು ದಡ್ಡರಲ್ಲ ಕಣಪ್ಪಾ, ನಿನ್ನನ್ನು ನಂಬಿದವರು. ನೀನು ತಿಂದ ಮಿರ್ಚಿಯನ್ನೂ ಬಿಡದೆ ನಂಬಿದೆವು.

ಎರಡು ತಾಸು. ಮಾರೆಪ್ಪ ಮಾವ ಬಂದು ಪಕ್ಕದಲ್ಲಿ ಕೂತಿದ್ದಾರೆ. ಬೈಯುತ್ತಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದಿಬ್ಬದ ಮೇಲೆ ಧೂಳು. ಗಾಡಿ ಬಂತು. ಡಬ್ಬಿಯ ಮುಚ್ಚಳ ಭದ್ರವಾಗಿದೆ. ನಿಂತಿತು, ಸುಮ್ಮನೆ ನಿಂತಿದೆ. ಮಾವ ದುರ್ಬೀನು ಕಿತ್ತುಕೊಂಡರು. ನಾನು ಮತ್ತೆ ಕಿತ್ತುಕೊಂಡೆ.

ಎಡಕ್ಕೆ. ಬಲಕ್ಕೆ.

ಎಡಕ್ಕೆ. ಬಲಕ್ಕೆ.

ಯರ್ರಿಸ್ವಾಮಿಯವರೇ, ಪೆನ್ನು ಕೆಳಗಿಡುತ್ತೇನೆ. ಮಗಳು ಗಾಡಿ ಒಪ್ಪಿಸುತ್ತಿದ್ದಾಳೆ, ಎರಡೂ ಕೈ ಬೇಕು. ಈ ಹಾಳು ಕೈ ನೋಡಿ, ಇಷ್ಟು ಚಳಿಯಲ್ಲೂ ಬೆವರುತ್ತಿದೆ.