ಕೊಕ್ಕಡದಲ್ಲಿ ತೆಗೆದುಕೊಂಡ ವೀಳ್ಯ

ಫರಂಗಿಪೇಟೆ
೨೪-೭-೧೯೬೧

ಚಿರಂಜೀವಿ ಲೋಕನಾಥನಿಗೆ ಅಪ್ಪನ ಆಶೀರ್ವಾದ.

ಇಲ್ಲಿ ನಾನೂ ನಿನ್ನ ಅಮ್ಮನೂ ಸೌಖ್ಯ. ನಿನ್ನ ಸೌಖ್ಯ ತಿಳಿಸಲು ನಿನಗೆ ಪುರುಸೊತ್ತಿಲ್ಲ. ದೀಪಾವಳಿಯಿಂದ ಒಂದು ಕಾರ್ಡೂ ಇಲ್ಲ. ಹಾಗೆಂದು ನಾನೂ ಸಿಟ್ಟು ಹಿಡಿದು ಕೂತಿದ್ದೆ, ತಡವಾದದ್ದು ಅದಕ್ಕೆ. ಬೊಂಬಾಯಿಗೆ ಹೋಗಿಬಂದ ನಮ್ಮೂರ ಇಬ್ರಾಹಿಂ ನಿನ್ನ ಹೋಟೆಲಿನಲ್ಲಿ ವಿಚಾರಿಸಿದನಂತೆ. ನೀನು ಕೆಲಸ ಬಿಟ್ಟು ಹೋಗಿದ್ದೀಯಂತೆ, ಎಲ್ಲಿಗೆಂದು ಅವರಿಗೂ ಗೊತ್ತಿಲ್ಲವಂತೆ. ಆದರೂ ಆ ವಿಳಾಸಕ್ಕೇ ಹಾಕುತ್ತಿದ್ದೇನೆ. ನನ್ನ ಹತ್ತಿರ ಬೇರೆ ಇಲ್ಲ.

ಇಲ್ಲಿ ಒಂದು ಸಂಗತಿ ಆಗಿದೆ. ಮೈಸೂರಿನಿಂದ ಒಬ್ಬರು ಮೇಷ್ಟ್ರು ಬಂದಿದ್ದರು. ಚಿಕ್ಕಂದಿನಲ್ಲಿ ಸತ್ತ ಮಕ್ಕಳಿಗೆ, ಬದುಕಿದ್ದರೆ ಮದುವೆಯ ಪ್ರಾಯವಾಗುವ ಹೊತ್ತಿಗೆ, ಇನ್ನೊಂದು ಮನೆಯ ಸತ್ತ ಮಗುವನ್ನು ಹುಡುಕಿ ನಾವು ಕುಲೆಮದುವೆ ಮಾಡಿಸುವುದು ಅವರಿಗೆ ಸೋಜಿಗವಂತೆ. ಅದರದ್ದೇ ಸಂಶೋಧನೆ. ಮನೆಮನೆಗೆ ಹೋಗಿ ಕೂರುವುದು, ಕೇಳುವುದು, ಬರೆದುಕೊಳ್ಳುವುದು. ಅವರಿಗೆ ತುಳು ಬಾರದು. ಹಂಚಿನ ಗಾಡಿ ಹೊಡೆದು ಬೆಳ್ತಂಗಡಿವರೆಗಿನ ಮನೆಗಳೆಲ್ಲ ಗೊತ್ತಿರುವವನೆಂದು ನನ್ನನ್ನು ಕರೆದರು. ಅವರು ಕನ್ನಡದಲ್ಲಿ ಕೇಳಿದ್ದನ್ನು ನಾನು ತುಳುವಿನಲ್ಲಿ ಕೇಳುವುದು. ಜನ ಹಿಂದೆಮುಂದೆ ನೋಡಿದರೆ ಗದರಿಸುತ್ತಿದ್ದೆ. ಗದರಿಸಬಾರದಂತೆ, ಅವರಾಗಿ ಬಾಯಿ ಬಿಡುವವರೆಗೆ ಸುಮ್ಮನೆ ಕೂರಬೇಕಂತೆ. ಸುಮ್ಮನೆ ಕೂರಲು ಮೈಸೂರಿನಿಂದ ಬರಬೇಕಾ ಎಂದು ಕೇಳಿದೆ. ನಕ್ಕರು. ಒಳ್ಳೆಯ ಮನುಷ್ಯ.

ಕೊಕ್ಕಡದಲ್ಲಿ ಕಾವೇರಮ್ಮ ಎಂಬ ಮುದುಕಿಯ ಮನೆಗೆ ಹೋದೆವು. ಅವಳ ಮಗಳು ನೀಲಾವತಿ ಚಿಕ್ಕವಳಿರುವಾಗಲೇ ಜ್ವರದಲ್ಲಿ ಹೋದದ್ದು. ಮೇಷ್ಟ್ರ ಪ್ರಶ್ನೆಗಳು ಎಲ್ಲ ಕಡೆ ಕೇಳುವವೇ: ಹೆಸರೇನು, ಕುಲದಲ್ಲಿ ಯಾವ ಬಳಿಯವಳು, ಬದುಕಿದ್ದರೆ ಈಗ ಎಷ್ಟು ಪ್ರಾಯ. ಉಳಿದ ಮನೆಗಳಲ್ಲಿ ಕುಲೆಮದುವೆ ಮುಗಿದಿತ್ತು, ಈ ಮನೆಯಲ್ಲಿ ಆಗಿರಲಿಲ್ಲ. ಕುಲೆಮದುವೆಗಳು ನಡೆಯುವ ಆಟಿ ತಿಂಗಳು ಹುಟ್ಟುವಾಗ ಇಬ್ಬರು ಗಂಡಸರು ಅಂಥ ಮನೆಯ ಜಗಲಿಯಲ್ಲಿ ಕೂತು ಇದನ್ನು ಕೇಳಿದರೆ ಹೆಣ್ಣು ಕೇಳಿದಂತೆಯೇ ಎಂಬುದು ನನ್ನ ಮಂಡೆಗೆ ಹೋಗಲಿಲ್ಲ.

ಅವಳು ತಿರುಗಿ ನನ್ನ ಮಗನ ಹೆಸರು, ಬಳಿ, ಪ್ರಾಯ ಕೇಳಿದಳು. ಮಾತಿಗೆ ಕೇಳುತ್ತಾಳೆಂದು ಹೇಳಿದೆ. ವೀಳ್ಯ ಕೊಟ್ಟಳು, ಬಾಯಿಗೆ ಹಾಕಿಕೊಂಡೆ. ಆಮೇಲೆ ಅವಳು ಹೇಳಿದಳು:

"ನೀವು ಬರ್ತೀರಿ ಅಂತ ಗೊತ್ತಿತ್ತು. ನಿಮ್ಮ ಹುಡುಗ ಹೋದ ಕಾರ್ತೆಲು ತಿಂಗಳಿಂದ ಇಲ್ಲಿ ಬಂದು ಕೂರ್ತಾನೆ. ಮೈಯೆಲ್ಲ ಚಂಡಿ, ಬಟ್ಟೆಯಿಂದ ನೀರು ಇಳೀತದೆ. ಒಳಗೆ ಬಾ ಅಂದ್ರೆ ಬರುವುದಿಲ್ಲ."

ನನ್ನ ಮಗ ಸತ್ತಿಲ್ಲ ಎಂದು ಎದ್ದು ನಿಂತೆ. ಅವಳಿಗೆ ಸಿಟ್ಟು ಬರಲಿಲ್ಲ.

"ಎಡದ ಹುಬ್ಬಿನಲ್ಲಿ ಗೀರು ಉಂಟಲ್ಲ," ಎಂದಳು.

ನೀನು ತುರಿಮಣೆಯ ಮೇಲೆ ಬಿದ್ದ ಆ ಗೀರಿನ ಸುದ್ದಿ ನಾನು ಅಲ್ಲಿ ಎತ್ತಿರಲಿಲ್ಲ. ಏನಂದರು, ಏನಂದರು ಎಂದು ಮೇಷ್ಟ್ರು ಕೇಳುತ್ತಲೇ ಇದ್ದರು. ಅದೊಂದನ್ನು ನಾನು ಅವರಿಗೆ ಕನ್ನಡದಲ್ಲಿ ಹೇಳಲಿಲ್ಲ.

ವೀಳ್ಯ ತೆಗೆದುಕೊಂಡ ಮೇಲೆ ಮಾತು ಕೊಟ್ಟ ಹಾಗೆ. ಆಟಿ ಅಮಾವಾಸ್ಯೆಗೆ ಅವರು ಮದುವೆಗೆ ಹುಡುಗಿಯ ಲೆಕ್ಕದಲ್ಲಿ ಸೀರೆ, ಬಳೆ ಹಿಡಿದುಕೊಂಡು ನಮ್ಮಲ್ಲಿಗೆ ಬರುತ್ತಾರೆ. ಮಗ ಬದುಕಿದ್ದಾನೆ ಎಂದರೆ ಎಲ್ಲಿದ್ದಾನೆ ಎನ್ನುತ್ತಾರೆ. ನಿನ್ನ ಕೈಬರಹದ ಒಂದು ಗೆರೆ ಬಂದರೆ ಅವರ ಮುಖಕ್ಕೆ ಹಿಡಿದು ಅಟ್ಟುತ್ತೇನೆ. ನನ್ನನ್ನು ಬೈದಾದರೂ ಬರೆ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಧರ್ಣಪ್ಪ

ತಾ.ಕ.: ಇದನ್ನು ನಿನ್ನ ಅಮ್ಮನಿಗೆ ಹೇಳಬಾರದೆಂದಿದ್ದೆ. ಕಾಗದ ಮುಗಿಸಿ, ತಡೆಯಲಾರದೆ ಹೇಳಿದೆ. ಅವಳು ಅಳಲಿಲ್ಲ. ಕಾರ್ತೆಲಿನಿಂದ ದಿನಾ ಬೆಳಿಗ್ಗೆ, ನಾನು ಏಳುವ ಮೊದಲು, ನಮ್ಮ ಜಗಲಿಯ ಬೆಂಚಿನ ನೀರು ಒರೆಸುತ್ತಿದ್ದಾಳಂತೆ. ನನಗೆ ಕಾಣಬಾರದೆಂದು. ಆ ಮಾಡು ಸೋರುವುದಿಲ್ಲ, ಹಂಚು ಹೊದಿಸಿದ್ದು ನಾನೇ. ಲೋಕೂ, ಹೇಗೆ ಬಂದರೂ ಅಡ್ಡಿಯಿಲ್ಲ. ಹೊರಗೆ ಕೂರಬೇಡ. ಒಳಗೆ ಬಾ.