ಕೋರಂ ಉಂಟು, ಬಾರಂ

ಆಗಸ್ಟ್ ೧೯, ಮಂಗಳವಾರ

ಮೂಡಬಿದಿರೆಯ ಕಾಲೇಜಿನಲ್ಲಿ ಇವತ್ತು ಕಂಪೆನಿ ಕಾನೂನಿನ ಕೋರಂ ಪಾಠ. ಆಡಳಿತ ಮಂಡಳಿಯ ಸಭೆಗೆ ಕಡಿಮೆಯೆಂದರೂ ಇಬ್ಬರು ನಿರ್ದೇಶಕರು ಬೇಕು, ಒಬ್ಬರೇ ಕುಳಿತರೆ ಅದು ಸಭೆಯಲ್ಲ ಎಂದೆ. ಹಿಂದಿನ ಬೆಂಚಿನ ತೃಷಾ ಎದ್ದಳು.

“ಒಬ್ಬರು ವಿಡಿಯೋದಲ್ಲಿ ಬಂದ್ರೆ ಆಗ್ತದಾ ಮೇಡಂ?”

“ಆಗ್ತದೆ. ಅವರೂ ಲೆಕ್ಕಕ್ಕೆ ಉಂಟು.”

ಬಿ.ಸಿ.ರೋಡಿನ ಮನೆಗೆ ಬಂದು ಚಹಾ ಇಟ್ಟೆ, ಗೋಳಿಬಜೆ ಕರಿದೆ. ನಮ್ಮ ಯಜಮಾನರು ಊರಿನಲ್ಲಿದ್ದಾಗ ಸಂಜೆಯ ಚಹಾಕ್ಕೆ ನಾವಿಟ್ಟ ಹೆಸರು ಬೋರ್ಡ್ ಮೀಟಿಂಗ್. ಅವರು ಮಸ್ಕತ್ತಿಗೆ ಹೋದ ಮೇಲೂ ಅದು ವಿಡಿಯೋದಲ್ಲಿ ನಡೆಯುತ್ತಿದೆ. ಇವತ್ತು ಫೋನಿನಲ್ಲಿ ಮುಖ ತೋರಿಸಿದವರೇ, “ದೀಪಾವಳಿಗೂ ರಜೆ ಇಲ್ಲ ಮಾರಾಯ್ತಿ, ಎಂತ ಮಾಡುವ?” ಎಂದರು.

“ಈ ಠರಾವಿಗೆ ನನ್ನ ವಿರೋಧ ಉಂಟು.”

ಅವರು ನಕ್ಕರು. ನಾನೂ ನಕ್ಕೆ. ಕಾನೂನಿನ ಪ್ರಕಾರ ನಮ್ಮ ಸಭೆಯಲ್ಲಿ ಕೊರತೆ ಏನೂ ಇಲ್ಲ. ಆದರೆ ನನ್ನ ತಟ್ಟೆಯ ಕೊನೆಯ ಗೋಳಿಬಜೆಯನ್ನು ಎಗರಿಸುತ್ತಿದ್ದದ್ದು ಯಾವಾಗಲೂ ಅವರೇ, ಮತ್ತು ಅಲ್ಲಿಗೆ ವಿಡಿಯೋದ ಕೈ ಮುಟ್ಟುವುದಿಲ್ಲ.

ಹಳಗನ್ನಡದಲ್ಲಿ ‘ಬಾರಂ’ ಎಂದರೆ ಅವನು ಬರುವುದಿಲ್ಲ. ಕೋರಂ, ಬಾರಂ. ಪ್ರಾಸವೇನೋ ಚೆನ್ನಾಗಿಯೇ ಕೂತಿದೆ. ಆ ಒಂದು ಗೋಳಿಬಜೆ ಮಾತ್ರ ಇನ್ನೂ ತಟ್ಟೆಯಲ್ಲೇ ಉಂಟು, ನನಗೆ ತಿನ್ನಲಾಗಲಿಲ್ಲ.