ಇಟ್ಟಿಗೆ ಕಟ್ಟಿಸಿದ ಬಾಗಿಲು

ಬೆಟಗೇರಿ

ತಮ್ಮ ವೀರುಗೆ,

ಆಶೀರ್ವಾದ ಆಮೇಲೆ, ಮೊದಲು ಇದನ್ನು ಓದು. ಎದುರಿಗೆ ಹೇಳಿದರೆ ಎದ್ದು ಹೋಗುತ್ತೀ.

ನಮ್ಮ ಸೀರೆ ಕಾರ್ಖಾನೆಯಲ್ಲಿ ಎಲ್ಲಿ ಹೊತ್ತು ದಂಡವಾಗುತ್ತದೆಂದು ನೋಡಲು ಹುಬ್ಬಳ್ಳಿಯ ಸಲಹೆಗಾರನನ್ನು ಕರೆಸಿದವನು ನೀನೇ. ಅವನು ನೂಲು ಹೊರುವವರ ಹಿಂದೆಯೇ ನಡೆದು ನೂಲಿನ ದಾರಿಯ ನಕ್ಷೆ ಬರೆದ. "ಹಿತ್ತಲ ಬಾಗ್ಲಾ ಮುಚ್ಚೇರಿ, ಹಸಿ ನೂಲು ಒಣಗಸಾಕ ಓಣಿ ಸುತ್ತಿ ಒಯ್ಯಾಕ ಹತ್ತೇರಿ. ದಂಡ ಅಲ್ಲೇ ಐತ್ರಿ" ಎಂದ. ವಾಸ್ತು ದೋಷವೆಂದು ಆ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದ್ದು ನೀನು. ಕೆಲಸ ಬಿಡಿಸಿದ್ದು ಮಾತ್ರ ನೂಲು ಹೊರುವ ಅಮೃತವ್ವನನ್ನು, ನಿಧಾನ ಎಂದು!

"ಗ್ವಾಡಿ ಹಾಯ್ದು ಹೋಗ್ಲೇನ್ರಿ, ಸಾವ್ಕಾರ್ರ?" ಎಂದು ನನ್ನನ್ನೇ ಕೇಳಿದಳು.

ಗೋಡೆ ಒಡೆಸು, ಅವಳನ್ನು ಕರೆಸು. ಅಲ್ಲಿಯವರೆಗೆ ಹಸಿ ನೂಲು ನಾನೇ ತಲೆಯ ಮೇಲೆ ಹೊತ್ತು ಓಣಿ ಸುತ್ತುತ್ತೇನೆ. ನಿನ್ನ ಮುಂದೆ ಕುಳಿತ ವ್ಯಾಪಾರಿಗಳು "ಆ ಮುದುಕ ಯಾರು?" ಎಂದರೆ, ಏನು ಹೇಳುತ್ತೀಯೋ ಯೋಚಿಸಿಕೋ.

ನಿನ್ನ ಅಣ್ಣ,
ಅಂದಾನಪ್ಪ